ಯಂತ್ರ ಬಿಚ್ಚಲು ಬಂದರೆ ಸಾಕೇ? ಗ್ಯಾಸ್ ಉಪಕರಣ ತಂತ್ರಜ್ಞರ ಅರ್ಹತೆ ಮತ್ತು ಪರವಾನಗಿ

ಪ್ರಶ್ನೆ: ನಾನು ಹಲವು ವರ್ಷಗಳಿಂದ ವಾಷಿಂಗ್ ಮಷಿನ್, ಫ್ರಿಜ್, ವಿದ್ಯುತ್ ಓವನ್ ಮುಂತಾದ ಗೃಹೋಪಕರಣಗಳನ್ನು ರಿಪೇರಿ ಮಾಡುತ್ತಿದ್ದೇನೆ. ಗ್ಯಾಸ್ ಒಲೆ, ಗ್ಯಾಸ್ ಗೀಸರ್, ಗ್ಯಾಸಿನಿಂದ ನಡೆಯುವ ಬಟ್ಟೆ ಒಣಗಿಸುವ ಯಂತ್ರಗಳನ್ನೂ ನೋಡಿಕೊಡಿ ಎಂದು ಗ್ರಾಹಕರು ಈಗ ಕೇಳುತ್ತಿದ್ದಾರೆ. ತಯಾರಕ ಕಂಪನಿಯೊಂದು ನಡೆಸಿದ ಸಣ್ಣ ತರಬೇತಿಯ ಪ್ರಮಾಣಪತ್ರ ನನ್ನ ಬಳಿ ಇದೆ. ಗ್ಯಾಸ್ ಪೈಪನ್ನು ಮುಟ್ಟದೆ ಯಂತ್ರದ ವಿದ್ಯುತ್ ಭಾಗವನ್ನಷ್ಟೇ ಸರಿಪಡಿಸಲು ಯಾವ ಪರವಾನಗಿಯೂ ಬೇಡ ಎಂದು ಜೊತೆಯ ಕೆಲಸಗಾರರು ಹೇಳುತ್ತಾರೆ. ಇದು ನಿಜವೇ? ಬೇಕಿದ್ದರೆ ಯಾವ ಪರವಾನಗಿ, ಅದನ್ನು ಪಡೆಯುವ ದಾರಿ ಯಾವುದು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಬಳಿ ಇರುವ ತಯಾರಕರ ಪ್ರಮಾಣಪತ್ರ ಪರವಾನಗಿಯಲ್ಲ. ಅದೊಂದರ ಬಲದ ಮೇಲೆ ಗ್ಯಾಸ್ ಉಪಕರಣಗಳ ಕೆಲಸಕ್ಕೆ ಇಳಿಯಬೇಡಿ. ನಿಮ್ಮ ಜೊತೆಗಾರರ ಮಾತಿನಲ್ಲಿ ಅರ್ಧ ಸತ್ಯವಿದೆ, ಆದರೆ ಜೀವ ತೆಗೆಯುವುದು ಉಳಿದ ಅರ್ಧ. ಪರವಾನಗಿ ಪಡೆಯುವ ದಾರಿ ನಿಮ್ಮಂಥ ಅನುಭವಿಗಳಿಗೆ ಮುಚ್ಚಿಲ್ಲ. ನಿಮ್ಮ ವಿದ್ಯುತ್ ಜ್ಞಾನ ಆ ದಾರಿಯಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಆದರೆ ದಾರಿಯನ್ನು ಅದು ಮೊಟಕುಗೊಳಿಸುವುದಿಲ್ಲ.

ಯಾಕೆ ಎನ್ನುವುದು ಮನಸ್ಸಿಗೆ ಇಳಿಯದಿದ್ದರೆ ಪರವಾನಗಿ ಎನ್ನುವುದು ಬರೀ ಸರ್ಕಾರಿ ಕಾಟದಂತೆ ಕಾಣುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ವಾಷಿಂಗ್ ಮಷಿನ್ ರಿಪೇರಿ ಮಾಡಿ ಸ್ವಿಚ್ ಹಾಕಿದಾಗ ಅದು ಸರಿಯಾಗಿ ತಿರುಗಿದರೆ, ಅರ್ಥಿಂಗ್ ಸರಿಯಿದ್ದರೆ, ನೀರು ಸೋರದಿದ್ದರೆ, ನಿಮ್ಮ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಗ್ಯಾಸ್ ಉಪಕರಣದಲ್ಲಿ ಬರ್ನರ್ ಹೊತ್ತಿಕೊಂಡ ಕ್ಷಣದಿಂದ ನಿಜವಾದ ಪರೀಕ್ಷೆ ಶುರುವಾಗುತ್ತದೆ. ಉರಿಯುತ್ತಿದೆ ಎಂದ ಮಾತ್ರಕ್ಕೆ ಸರಿಯಾಗಿ ಉರಿಯುತ್ತಿದೆ ಎಂದಲ್ಲ. ಒಂದು ಘನ ಮೀಟರ್ ಮೀಥೇನ್ ಪೂರ್ತಿ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಬೇಕು. ಅಷ್ಟೇ ಪ್ರಮಾಣದ ಪ್ರೊಪೇನ್‌ಗೆ ಸುಮಾರು 24 ಘನ ಮೀಟರ್ ಬೇಕು. ಗಾಳಿ ಕಡಿಮೆಯಾದರೆ, ಬರ್ನರಿನ ರಂಧ್ರಗಳಲ್ಲಿ ಧೂಳು ಕಟ್ಟಿಕೊಂಡಿದ್ದರೆ, ಹೊಗೆ ಹೊರಹೋಗುವ ಕೊಳವೆ ಮುಚ್ಚಿದ್ದರೆ, ಒತ್ತಡ ಹೆಚ್ಚುಕಡಿಮೆಯಾಗಿದ್ದರೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದು ಅಂಟಿಕೊಳ್ಳುತ್ತದೆ. ತಲೆನೋವು, ಸುಸ್ತು, ವಾಕರಿಕೆ ಕಂಡಾಗ ಮನೆಯವರು ಜ್ವರದ ಲಕ್ಷಣವೆಂದು ಮಲಗಿಬಿಡುತ್ತಾರೆ. ಮಲಗಿದವರು ಏಳದೇ ಹೋಗಬಹುದು.

ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ ಎಂಬ ಧೈರ್ಯ ಹಲವರಿಗಿದೆ. ಆ ವಾಸನೆ ಅನಿಲದ್ದಲ್ಲ, ಬೇಕೆಂದೇ ಬೆರೆಸಿದ್ದು. ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ 1937ರ ಮಾರ್ಚ್ 18ರಂದು ನಡೆದ ಸ್ಫೋಟದಲ್ಲಿ ಸುಮಾರು 300 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಖರ್ಚು ಉಳಿಸಲೆಂದು ಶಾಲೆ ತೈಲಕ್ಷೇತ್ರದ ಉಳಿಕೆ ಅನಿಲದ ಕೊಳವೆಯಿಂದ ಸಂಪರ್ಕ ಪಡೆದಿತ್ತು. ಆ ಅನಿಲಕ್ಕೆ ವಾಸನೆಯೇ ಇರಲಿಲ್ಲವಾದ್ದರಿಂದ ಕಟ್ಟಡದ ಅಡಿಯಲ್ಲಿ ಅದು ತುಂಬಿಕೊಂಡಿದ್ದು ಯಾರಿಗೂ ಗೊತ್ತಾಗಲಿಲ್ಲ. ಅನಿಲಕ್ಕೆ ವಾಸನೆ ಬೆರೆಸುವ ಕಾನೂನು ಅಲ್ಲಿ ಬಂದದ್ದು ಅದಾದ ಮೇಲೆ. ಆದರೆ ಕೆಟ್ಟ ದಹನದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಯಾರೂ ವಾಸನೆ ಬೆರೆಸಲಾರರು. ಅದನ್ನು ಹಿಡಿಯುವುದು ಉಪಕರಣ ಹಿಡಿದ, ತರಬೇತಾದ ಕೈ ಮಾತ್ರ.

ಈಗ ನಿಮ್ಮ ಜೊತೆಗಾರರ ವಾದಕ್ಕೆ ಬರೋಣ. 'ಗ್ಯಾಸ್ ಪೈಪ್ ಮುಟ್ಟದಿದ್ದರೆ ಅದು ಗ್ಯಾಸ್ ಕೆಲಸವಲ್ಲ' ಎಂಬುದು ಅವರ ಮಾತು. ಕಾನೂನು 'ಗ್ಯಾಸ್ ಕೆಲಸ' ಎಂದು ಯಾವುದನ್ನು ಕರೆಯುತ್ತದೆ ಎನ್ನುವುದಕ್ಕೆ ಬ್ರಿಟನ್ನಿನ 1998ರ ಗ್ಯಾಸ್ ಸುರಕ್ಷತಾ ನಿಯಮಗಳನ್ನು ಉದಾಹರಣೆಯಾಗಿ ನೋಡಿ. ಅಳವಡಿಸುವುದು, ಮರುಜೋಡಿಸುವುದು, ನಿರ್ವಹಣೆ, ಸರ್ವಿಸ್, ರಿಪೇರಿ, ಶಾಶ್ವತವಾಗಿ ಉಳಿಯುವಂಥ ಹೊಂದಾಣಿಕೆ, ಬದಲಾಯಿಸುವುದು, ತೆಗೆದುಹಾಕುವುದು ಎಲ್ಲವೂ ಅದರೊಳಗೆ ಬರುತ್ತವೆ. ಸಂಪರ್ಕ ಕಳಚುವುದೂ ಬರುತ್ತದೆ. ಗ್ಯಾಸ್ ಓವನ್ನಿನ ಹಿಂಬದಿಯ ಫ್ಯಾನ್ ಮೋಟರ್ ಬದಲಿಸಲು ನೀವು ಓವನ್ನನ್ನು ಎಳೆದು, ಗ್ಯಾಸ್ ಸಂಪರ್ಕದ ನಟ್ ಕಳಚಿ, ಕೆಲಸ ಮುಗಿಸಿ ಮತ್ತೆ ಬಿಗಿದರೆ, ನೀವು ಹಾಕಿದ್ದು ವಿದ್ಯುತ್ ಮೋಟರ್ ಆದರೂ ಮಾಡಿದ್ದು ಗ್ಯಾಸ್ ಕೆಲಸ. ಕಳಚಿದೊಡನೆ ತಾನೇ ಮುಚ್ಚಿಕೊಳ್ಳುವ ಬಗೆಯ ಜೋಡಣೆಯನ್ನು ತೆಗೆದು ಹಾಕುವುದಕ್ಕೆ ಮಾತ್ರ ಅಲ್ಲಿ ವಿನಾಯಿತಿ ಇದೆ.

ಬಟ್ಟೆ ಒಣಗಿಸುವ ಯಂತ್ರವನ್ನೇ ತೆಗೆದುಕೊಳ್ಳಿ. ಡ್ರಮ್ಮಿನ ಬೆಲ್ಟ್, ಮೋಟರ್, ಬಾಗಿಲಿನ ಸ್ವಿಚ್ ಇವು ವಿದ್ಯುತ್ ಯಂತ್ರದಲ್ಲಿರುವಂಥವೇ. ಇವುಗಳ ವಿಷಯದಲ್ಲಿ ನಿಮ್ಮ ಜೊತೆಗಾರರ ಮಾತು ಹಲವು ಕಡೆ ನಡೆಯಬಹುದು. ಅದರ ಪಕ್ಕದಲ್ಲೇ ಗ್ಯಾಸ್ ವಾಲ್ವ್ ಇದೆ, ಅದರ ಮೇಲೆ ವಿದ್ಯುತ್ ಸುರುಳಿಗಳಿವೆ, ಕಿಡಿಯ ಬದಲು ಕೆಂಪಗೆ ಕಾದು ಅನಿಲ ಹೊತ್ತಿಸುವ ಕಡ್ಡಿ ಇದೆ, ಜ್ವಾಲೆ ಇದೆಯೋ ಇಲ್ಲವೋ ಎಂದು ನೋಡುವ ಸೆನ್ಸರ್ ಇದೆ. ಮಲ್ಟಿಮೀಟರ್ ಹಿಡಿದವನಿಗೆ ಇವೂ ವಿದ್ಯುತ್ ಭಾಗಗಳೇ. ಆದರೆ ಅನಿಲ ಯಾವಾಗ ಬಿಡಬೇಕು, ಯಾವಾಗ ತಡೆಯಬೇಕು ಎಂದು ನಿರ್ಧರಿಸುವವು ಇವೇ. ಇಲ್ಲಿ ಒಂದು ತಪ್ಪು ತಂತಿ ಜೋಡಣೆಯಾದರೆ ಜ್ವಾಲೆಯಿಲ್ಲದೆ ಅನಿಲ ಹರಿಯಬಹುದು. ಇನ್ನು ಯಂತ್ರದ ಗಾಳಿಯನ್ನು ಹೊರಬಿಡುವ ಕೊಳವೆಯಲ್ಲಿ ನೂಲಿನ ಹೊಟ್ಟು ತುಂಬಿದ್ದರೆ ವಿದ್ಯುತ್ ಯಂತ್ರದಲ್ಲಿ ಬೆಂಕಿಯ ಅಪಾಯ ಮಾತ್ರ. ಗ್ಯಾಸ್ ಯಂತ್ರದಲ್ಲಿ ಅದರ ಜೊತೆಗೆ ದಹನದ ಹೊಗೆ ಮನೆಯೊಳಗೆ ಉಳಿಯುವ ಅಪಾಯವೂ ಸೇರುತ್ತದೆ.

ಗೆರೆ ಎಲ್ಲಿ ಎಳೆಯಬೇಕು ಎನ್ನುವುದನ್ನು ಒಂದೊಂದು ಪ್ರದೇಶದ ಕಾನೂನು ಒಂದೊಂದು ಬಗೆಯಲ್ಲಿ ಹೇಳುತ್ತದೆ. ನಾನು ನನ್ನ ಬಳಿ ಕಲಿಯುವವರಿಗೆ ಹೇಳುವ ಗೆರೆ ಇದು: ನೀವು ಮಾಡಿದ ಕೆಲಸದಿಂದ ಬರ್ನರ್ ಹೊತ್ತುವ, ಉರಿಯುವ ಅಥವಾ ಆರುವ ರೀತಿ ಬದಲಾಗಬಹುದಾದರೆ ಅದು ಗ್ಯಾಸ್ ಕೆಲಸ. ಕಾನೂನು ಇದಕ್ಕಿಂತ ಸಡಿಲವಾಗಿದ್ದರೂ ಈ ಗೆರೆಯನ್ನು ದಾಟಬೇಡಿ. ಕಾನೂನು ಇದಕ್ಕಿಂತ ಬಿಗಿಯಾಗಿದ್ದರೆ ಕಾನೂನೇ ಅಂತಿಮ.

ಹಳೆಯ ಗೀಸರ್, ಓವನ್‌ಗಳಲ್ಲಿರುವ ಥರ್ಮೋಕಪಲ್ ಬಗ್ಗೆ ಇಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅನರ್ಹ ಕೈಗಳು ಅತಿ ಹೆಚ್ಚು ಕೆಡಿಸುವ ಭಾಗ ಅದು ಎಂಬುದು ನನ್ನ ಅನುಭವ. ಮುಖ್ಯ ಬರ್ನರನ್ನು ಹೊತ್ತಿಸುವ ಸಣ್ಣ ಪೈಲಟ್ ಜ್ವಾಲೆಯಲ್ಲಿ ಕಾಯುವ ಈ ಕಡ್ಡಿ ಸುಮಾರು 25ರಿಂದ 30 ಮಿಲಿವೋಲ್ಟ್ ಹುಟ್ಟಿಸುತ್ತದೆ. ಅಷ್ಟು ಸಣ್ಣ ವಿದ್ಯುತ್ತು ಒಂದು ಪುಟ್ಟ ಆಯಸ್ಕಾಂತವನ್ನು ಹಿಡಿದು ವಾಲ್ವನ್ನು ತೆರೆದಿಡುತ್ತದೆ. ಜ್ವಾಲೆ ಆರಿದರೆ ಕಡ್ಡಿ ತಣ್ಣಗಾಗುತ್ತದೆ, ಆಯಸ್ಕಾಂತ ಬಿಟ್ಟುಕೊಡುತ್ತದೆ, ಅನಿಲ ನಿಲ್ಲುತ್ತದೆ. ಗೀಸರ್ ಪದೇ ಪದೇ ಆರುತ್ತಿದೆ ಎಂಬ ದೂರು ಬಂದಾಗ ಅವಸರದ ರಿಪೇರಿಯವರು ಕಡ್ಡಿಯನ್ನು ಜ್ವಾಲೆಯೊಳಕ್ಕೆ ಬಗ್ಗಿಸುತ್ತಾರೆ, ಇಲ್ಲವೇ ಸುರಕ್ಷತಾ ವಾಲ್ವನ್ನೇ ಅಡ್ಡಹಾದಿಯಲ್ಲಿ ತೆರೆದಿಡುತ್ತಾರೆ. ಗೀಸರ್ ಉರಿಯುತ್ತದೆ, ಗ್ರಾಹಕರಿಗೆ ಖುಷಿ. ಆದರೆ ಅದು ಆರುತ್ತಿದ್ದುದಕ್ಕೆ ಕಾರಣ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾಗಿದ್ದುದೇ ಆಗಿರಬಹುದು. ಕೆಲವು ಉಪಕರಣಗಳಲ್ಲಿ ಪೈಲಟ್ ಜ್ವಾಲೆಯನ್ನು ಅದಕ್ಕಾಗಿಯೇ, ಆಮ್ಲಜನಕ ಇಳಿದರೆ ಆರುವಂತೆ ರೂಪಿಸಿರುತ್ತಾರೆ. ಯಂತ್ರ ತನ್ನ ಮನೆಯವರನ್ನು ಕಾಪಾಡುತ್ತಿತ್ತು, ಆ ರಿಪೇರಿಯವನು ಅದನ್ನು ತಡೆದ. ಅರ್ಹತೆ ಎಂದರೆ ಭಾಗ ಬದಲಿಸಲು ಬರುವುದಲ್ಲ, ಆ ಭಾಗ ಯಾಕೆ ನಿಂತಿತು ಎಂದು ಕೇಳಲು ಬರುವುದು.

ಅದಕ್ಕೇ ಮೇಲೆ ಹೇಳಿದ ಬ್ರಿಟಿಷ್ ನಿಯಮಗಳು ಉಪಕರಣದ ಮೇಲೆ ಕೆಲಸ ಮಾಡಿದ ಪ್ರತಿಯೊಬ್ಬರೂ ಕೊನೆಗೆ ನಾಲ್ಕು ಸಂಗತಿಗಳನ್ನು ಪರೀಕ್ಷಿಸಲೇಬೇಕೆಂದು ವಿಧಿಸುತ್ತವೆ: ಹೊಗೆ ಸರಿಯಾಗಿ ಹೊರಹೋಗುತ್ತಿದೆಯೇ, ದಹನಕ್ಕೆ ಸಾಕಷ್ಟು ಗಾಳಿ ಸಿಗುತ್ತಿದೆಯೇ, ಅನಿಲದ ಒತ್ತಡ ಅಥವಾ ಉಷ್ಣದ ಪ್ರಮಾಣ ಸರಿಯಿದೆಯೇ, ಒಟ್ಟಾರೆ ಉಪಕರಣ ಸುರಕ್ಷಿತವಾಗಿ ನಡೆಯುತ್ತಿದೆಯೇ. ಬದಲಿಸಿದ್ದು ಒಂದು ಚಿಕ್ಕ ಭಾಗವಾದರೂ ಈ ನಾಲ್ಕು ತಪ್ಪುವುದಿಲ್ಲ. ನಿಮ್ಮ ಪ್ರದೇಶದ ನಿಯಮ ಬೇರೆ ಇರಬಹುದು, ಆದರೆ ಈ ನಾಲ್ಕನ್ನು ಅಳೆದು ನೋಡಲು ನಿಮಗೆ ಬರುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ತಯಾರಕರ ಸಣ್ಣ ತರಬೇತಿಯಲ್ಲಿ ಇದನ್ನು ಕಲಿಸಿರುವ ಸಾಧ್ಯತೆ ಕಡಿಮೆ. ಅಂಥ ತರಬೇತಿ ತಮ್ಮ ಮಾದರಿಗಳ ದೋಷಸಂಕೇತ, ಬಿಡಿಭಾಗ, ಬಿಚ್ಚುವ ಕ್ರಮವನ್ನು ಕಲಿಸುತ್ತದೆ. ಅದು ಒಳ್ಳೆಯ ತರಬೇತಿಯೇ, ಪರವಾನಗಿ ಇದ್ದವರಿಗೆ ಅತ್ಯಗತ್ಯ ಕೂಡ. ಆದರೆ ಬುನಾದಿಯ ಅರ್ಹತೆ ಈಗಾಗಲೇ ಇದೆ ಎಂದು ಎಣಿಸಿಯೇ ಅದನ್ನು ನಡೆಸುತ್ತಾರೆ.

ಪರವಾನಗಿ ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತುಹೋಗುತ್ತವೆ. ತರಬೇತಿಗೆ ಹಾಜರಾಗಿದ್ದಕ್ಕೆ ಸಿಗುವ ಕಾಗದ ಒಂದು. ಲಿಖಿತ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಎರಡರಲ್ಲೂ ತೇರ್ಗಡೆಯಾಗಿ ಪಡೆಯುವ ಅರ್ಹತೆ ಇನ್ನೊಂದು. ಆ ಅರ್ಹತೆಯನ್ನು ತೋರಿಸಿ ಪ್ರಾಧಿಕಾರದ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳುವ ನೋಂದಣಿ ಅಥವಾ ಪರವಾನಗಿ ಮೂರನೆಯದು. ಕೆಲಸ ಮಾಡುವ ಹಕ್ಕು ಕೊಡುವುದು ಈ ಮೂರನೆಯದು ಮಾತ್ರ. ಹಲವು ಕಡೆ ವ್ಯಕ್ತಿಗೆ ಬೇರೆ, ಅವರು ನಡೆಸುವ ವ್ಯವಹಾರಕ್ಕೆ ಬೇರೆ ನೋಂದಣಿ ಇರುತ್ತದೆ. ಕಂಪನಿಯ ನೌಕರಿಯಲ್ಲಿದ್ದಾಗ ಇದ್ದ ಹಕ್ಕು, ನೌಕರಿ ಬಿಟ್ಟು ಸ್ವಂತ ಕೆಲಸ ಶುರು ಮಾಡಿದ ದಿನ ನಿಮ್ಮೊಂದಿಗೆ ಬರದಿರಬಹುದು. ಬಹಳ ಮಂದಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ.

ಬ್ರಿಟನ್ನಿನ ಏರ್ಪಾಡನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಉಪಕರಣವಾರು ಅರ್ಹತೆ ಎಂದರೇನು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1968ರ ಮೇ 16ರ ಬೆಳಗಿನ ಜಾವ ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಗಳ ಕಟ್ಟಡದ 18ನೆಯ ಮಹಡಿಯಲ್ಲಿ ಒಬ್ಬ ಮಹಿಳೆ ಚಹಾ ಮಾಡಲು ಒಲೆ ಹಚ್ಚಿದರು. ಸೋರಿ ತುಂಬಿದ್ದ ಅನಿಲ ಸ್ಫೋಟಿಸಿ ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳತನಕ ಕುಸಿಯಿತು. ನಾಲ್ವರು ಸತ್ತರು, 17 ಮಂದಿ ಗಾಯಗೊಂಡರು. ಕಟ್ಟಡ ನಿರ್ಮಾಣದ ಎಂಜಿನಿಯರುಗಳು ಈ ದುರಂತವನ್ನು ರಚನೆಯ ದೌರ್ಬಲ್ಯಕ್ಕಾಗಿ ಓದುತ್ತಾರೆ. ನಮ್ಮ ಕಸುಬಿನವರು ಓದಬೇಕಾದದ್ದು ಬೇರೆ ಕಾರಣಕ್ಕೆ. ತನಿಖೆ ಕೊನೆಗೆ ಬಂದು ನಿಂತದ್ದು ಒಲೆಗೆ ಅನಿಲದ ಕೊಳವೆಯನ್ನು ಜೋಡಿಸಿದ್ದ ಒಂದು ಕಳಪೆ ಹಿತ್ತಾಳೆ ನಟ್‌ನ ಬಳಿ. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಭಾಗ ಅದು. ಅದರ ಬೆನ್ನಲ್ಲೇ 1970ರಲ್ಲಿ ಕಾರ್ಗಿ ಎಂಬ ನೋಂದಣಿ ಸಂಸ್ಥೆ ಹುಟ್ಟಿತು. ಮೊದಲು ಇಷ್ಟವಿದ್ದವರು ಸೇರಬಹುದಾಗಿದ್ದ ಆ ನೋಂದಣಿ 1991ರಲ್ಲಿ ಕಡ್ಡಾಯವಾಯಿತು. 2009ರ ಏಪ್ರಿಲ್ 1ರಿಂದ ಆ ಜಾಗಕ್ಕೆ ಗ್ಯಾಸ್ ಸೇಫ್ ರಿಜಿಸ್ಟರ್ ಬಂದಿದೆ.

ಅಲ್ಲಿ ಗೃಹಬಳಕೆಯ ಕೆಲಸಕ್ಕೆ ಎಲ್ಲರೂ ತೇರ್ಗಡೆಯಾಗಬೇಕಾದ ಬುನಾದಿ ಪರೀಕ್ಷೆಗೆ ಸಿಸಿಎನ್1 ಎಂದು ಹೆಸರು. ಅದೊಂದರಿಂದ ಯಾವ ಉಪಕರಣವನ್ನೂ ಮುಟ್ಟುವಂತಿಲ್ಲ. ಒಲೆ ಮತ್ತು ಓವನ್‌ಗೆ ಸಿಕೆಆರ್1, ಬಾಯ್ಲರ್ ಮತ್ತು ನೀರು ಕಾಯಿಸುವ ಉಪಕರಣಗಳಿಗೆ ಸೆನ್‌ವಾಟ್, ಕೋಣೆ ಬೆಚ್ಚಗಿಡುವ ಹೀಟರ್‌ಗಳಿಗೆ ಎಚ್‌ಟಿಆರ್1, ಬಟ್ಟೆ ಒಣಗಿಸುವ ಯಂತ್ರಕ್ಕೆ ಎಲ್‌ಎಯು1 ಎಂದು ಒಂದೊಂದಕ್ಕೂ ಪ್ರತ್ಯೇಕ ಪರೀಕ್ಷೆ. ನೀವು ಕೇಳಿದ ಮೂರು ಉಪಕರಣಗಳಿಗೆ ಅಲ್ಲಿ ಬುನಾದಿಯ ಮೇಲೆ ಮೂರು ಅರ್ಹತೆಗಳು ಬೇಕಾಗುತ್ತವೆ. ಹೋಟೆಲಿನ ದೊಡ್ಡ ಒಲೆಗಳದ್ದು ಬೇರೆಯೇ ಶಾಖೆ, ಎಲ್‌ಪಿಜಿಗೆ ಮತ್ತೆ ಬೇರೆ ಪರೀಕ್ಷೆ. ಈ ಅರ್ಹತೆಗಳ ಅವಧಿ ಐದು ವರ್ಷ, ಆಮೇಲೆ ಮತ್ತೆ ಪರೀಕ್ಷೆಗೆ ಕೂರಬೇಕು. ನೋಂದಣಿಯನ್ನು ಪ್ರತಿವರ್ಷ ನವೀಕರಿಸಬೇಕು. ಗುರುತಿನ ಚೀಟಿಯ ಮುಂಭಾಗದಲ್ಲಿ ಚಿತ್ರ, ಸಂಖ್ಯೆ, ಮುಕ್ತಾಯದ ದಿನಾಂಕ ಇರುತ್ತವೆ. ಹಿಂಭಾಗದಲ್ಲಿ ಯಾವ ಯಾವ ಕೆಲಸಕ್ಕೆ ಅರ್ಹರು ಎಂಬ ಪಟ್ಟಿ ಇರುತ್ತದೆ. ಆ ಹಿಂಭಾಗವೇ ಮುಖ್ಯ. ಬಾಯ್ಲರ್‌ಗೆ ಅರ್ಹರಾದವರು ಒಲೆಗೆ ಅರ್ಹರಲ್ಲದಿರಬಹುದು.

ಕೆನಡಾದ ಒಂಟಾರಿಯೊ ಪ್ರಾಂತ್ಯ ಉಪಕರಣದ ಬದಲು ಸಾಮರ್ಥ್ಯವನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ. ಜಿ3 ಅಲ್ಲಿ ಕೆಳಗಿನ ಮೆಟ್ಟಿಲು. ಅದನ್ನು ಪಡೆದವರು ಮೇಲಿನ ದರ್ಜೆಯವರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು. ಜಿ2 ಪಡೆದವರು ಗಂಟೆಗೆ 4,00,000 ಬಿಟಿಯು (ಶಾಖದ ಒಂದು ಅಳತೆ) ವರೆಗಿನ ಉಪಕರಣಗಳ ಮೇಲೆ ಸ್ವತಂತ್ರವಾಗಿ ಕೆಲಸ ಮಾಡಬಹುದು. ಜಿ1ಗೆ ಆ ಮಿತಿಯಿಲ್ಲ. ಮನೆಯ ಉಪಕರಣಗಳು ಈ ಮಿತಿಯೊಳಗೇ ಇರುವುದರಿಂದ ನಿಮ್ಮಂಥವರ ಗುರಿ ಅಲ್ಲಾದರೆ ಜಿ2 ಆಗುತ್ತಿತ್ತು. ಆಸ್ಟ್ರೇಲಿಯಾದಲ್ಲಿ ಪರವಾನಗಿ ಕೊಡುವುದು ರಾಜ್ಯಗಳು. ಪ್ರಮಾಣೀಕರಣ ಪಡೆದು ಕಾರ್ಖಾನೆಯಿಂದ ಬರುವ ಗೃಹಬಳಕೆ ಮತ್ತು ವಾಣಿಜ್ಯ ಉಪಕರಣಗಳನ್ನು 'ಎ' ಬಗೆ ಎಂದೂ, ಗಂಟೆಗೆ 10 ಮೆಗಾಜೂಲ್‌ಗಿಂತ ಹೆಚ್ಚು ಅನಿಲ ಬಳಸುವ ಕೈಗಾರಿಕಾ ಉಪಕರಣಗಳನ್ನು 'ಬಿ' ಬಗೆ ಎಂದೂ ವಿಂಗಡಿಸಿದ್ದಾರೆ. ವಿಕ್ಟೋರಿಯಾ ರಾಜ್ಯದಲ್ಲಂತೂ 'ಎ' ಬಗೆಯ ಉಪಕರಣಗಳ ಸರ್ವಿಸ್‌ಗೆ ವಿಶೇಷ ವರ್ಗವೇ ಇದೆ. ಪೈಪು ಹಾಕುವವರಿಗೆಲ್ಲ ಉಪಕರಣದ ಒಳಗಿನ ದಹನ ತಿಳಿದಿರುತ್ತದೆ ಎಂದು ಭಾವಿಸದೆ ಎರಡನ್ನೂ ಬೇರ್ಪಡಿಸಿದ್ದು ನನಗೆ ಬಹಳ ಸರಿಯೆನಿಸುತ್ತದೆ.

ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಗ್ಯಾಸ್ ಪರವಾನಗಿ ಇಲ್ಲ. ರಾಜ್ಯ, ಕೆಲವೆಡೆ ಕೌಂಟಿ, ಕೆಲವೆಡೆ ನಗರವೇ ನಿರ್ಧರಿಸುತ್ತದೆ. ಅಲ್ಲಿನ ಉಪಕರಣ ರಿಪೇರಿಯವರಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ: ಪರಿಸರ ಸಂರಕ್ಷಣಾ ಸಂಸ್ಥೆಯ 608ನೆಯ ಸೆಕ್ಷನ್ನಿನ ಪ್ರಮಾಣಪತ್ರ ಇದ್ದರೆ ಗ್ಯಾಸ್ ಕೆಲಸಕ್ಕೂ ಸಾಕು ಎಂಬುದು. ಆ ಪ್ರಮಾಣಪತ್ರ ಫ್ರಿಜ್, ಎಸಿಗಳ ಶೀತಕ ಅನಿಲಕ್ಕೆ ಸಂಬಂಧಿಸಿದ್ದು. ಇಂಧನ ಅನಿಲಕ್ಕೂ ಅದಕ್ಕೂ ಸಂಬಂಧವಿಲ್ಲ. ನೀವು ಫ್ರಿಜ್ ಕೆಲಸವನ್ನೂ ಮಾಡುತ್ತೀರಾದ್ದರಿಂದ ಇದನ್ನು ಹೇಳುತ್ತಿದ್ದೇನೆ. ಈಗಿನ ಮನೆಬಳಕೆಯ ಫ್ರಿಜ್‌ಗಳಲ್ಲಿರುವ ಆರ್600ಎ ಎಂಬ ಶೀತಕವೂ ಹೊತ್ತಿಕೊಳ್ಳುವಂಥದ್ದೇ, ಅದು ಐಸೊಬ್ಯೂಟೇನ್. ಆದರೂ ಮುಚ್ಚಿದ ಸುತ್ತಿನಲ್ಲಿ ಗ್ರಾಮುಗಳ ಲೆಕ್ಕದಲ್ಲಿರುವ ಶೀತಕವನ್ನು ಸಂಭಾಳಿಸುವ ಅರ್ಹತೆಯೇ ಬೇರೆ, ನಿರಂತರವಾಗಿ ಹರಿದು ಉರಿಯುವ ಇಂಧನದ ಅರ್ಹತೆಯೇ ಬೇರೆ. ಒಂದು ಇನ್ನೊಂದಕ್ಕೆ ಬದಲಿಯಾಗದು.

ನೆದರ್‌ಲ್ಯಾಂಡ್ಸ್‌ನ ಉದಾಹರಣೆಯನ್ನೂ ಕೇಳಿ. ಮನೆಮನೆಗೆ ನೈಸರ್ಗಿಕ ಅನಿಲ ತಲುಪಿದ್ದ ಆ ದೇಶದಲ್ಲಿ ಗ್ಯಾಸ್ ಬಾಯ್ಲರ್ ಕೆಲಸಕ್ಕೆ ಪ್ರಮಾಣೀಕರಣವನ್ನು ಕಾನೂನು ಕಡ್ಡಾಯ ಮಾಡಿದ್ದು ತೀರ ಈಚೆಗೆ. ಕಾರ್ಬನ್ ಮಾನಾಕ್ಸೈಡ್ ಸಾವುಗಳ ಬಗ್ಗೆ ಅಲ್ಲಿನ ಸುರಕ್ಷತಾ ಮಂಡಳಿ 2015ರಲ್ಲಿ ವರದಿ ಕೊಟ್ಟ ಮೇಲೆ ಕಾನೂನು ರೂಪುಗೊಂಡು, 2023ರ ಏಪ್ರಿಲ್ 1ರಿಂದ ಪ್ರಮಾಣೀಕೃತ ಸಂಸ್ಥೆಗಳಷ್ಟೇ ಆ ಕೆಲಸ ಮಾಡಬೇಕೆಂಬ ನಿಯಮ ಪೂರ್ತಿಯಾಗಿ ಜಾರಿಗೆ ಬಂತು. ನಿಮ್ಮ ಪ್ರದೇಶದಲ್ಲಿ ಇಂದು ಕಡ್ಡಾಯವಿಲ್ಲ ಎಂದರೆ ನಾಳೆಯೂ ಇರುವುದಿಲ್ಲ ಎಂದುಕೊಳ್ಳಬೇಡಿ. ಕಾನೂನು ಬರುವ ಮೊದಲೇ ಅರ್ಹತೆ ಗಳಿಸಿದವರು ಬಂದಾಗ ನಿರಾಳವಾಗಿರುತ್ತಾರೆ.

ಈಗ ದಾರಿಯ ಮಾತು. ತರಗತಿಯ ಪಾಠ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಅನಿಲಗಳ ಗುಣ, ದಹನ, ಗಾಳಿಯಾಟ, ಹೊಗೆ ಕೊಳವೆ, ಪೈಪಿನ ಅಳತೆ, ಒತ್ತಡ, ಸೋರಿಕೆ ಪರೀಕ್ಷೆ, ನಿಯಂತ್ರಣ ಮತ್ತು ಸುರಕ್ಷತಾ ಸಾಧನಗಳು, ತುರ್ತು ಕ್ರಮ, ಕಾನೂನು. ನಿಮಗೆ ಸುಲಭವೆನಿಸುವುದು ನಿಯಂತ್ರಣ ಸಾಧನಗಳ ಭಾಗ. ಹೊಸದೆನಿಸುವುದು, ಹೆಚ್ಚು ಸಮಯ ಕೊಡಬೇಕಾದದ್ದು ಗಾಳಿ ಮತ್ತು ಹೊಗೆಯ ಭಾಗ. ಒಂದು ಉದಾಹರಣೆ ಕೊಡುತ್ತೇನೆ. ಕೋಣೆಯ ಗಾಳಿಯನ್ನೇ ಬಳಸಿ ಹೊಗೆಯನ್ನು ಕೊಳವೆಯ ಮೂಲಕ ಹೊರಬಿಡುವ ಗೀಸರ್ ಇದೆ ಎನ್ನಿ. ಗೀಸರಿನಲ್ಲಿ ದೋಷವಿಲ್ಲ, ಕೊಳವೆಯಲ್ಲಿ ದೋಷವಿಲ್ಲ. ಆದರೆ ಪಕ್ಕದ ಅಡುಗೆಮನೆಯಲ್ಲಿ ಗಾಳಿ ಹೊರದೂಡುವ ಬಲವಾದ ಫ್ಯಾನ್ ಹಾಕಿದ್ದಾರೆ. ಕಿಟಕಿ ಬಾಗಿಲು ಮುಚ್ಚಿ ಫ್ಯಾನ್ ತಿರುಗಿಸಿದೊಡನೆ ಅದು ಕೊಳವೆಯ ಮೂಲಕ ಹೊಗೆಯನ್ನು ಮನೆಯೊಳಕ್ಕೇ ಹಿಂದೆಳೆಯಬಹುದು. ಆದ್ದರಿಂದ ಹೊಗೆ ಪರೀಕ್ಷೆಯನ್ನು ಕಿಟಕಿ ಬಾಗಿಲು ಮುಚ್ಚಿ, ಮನೆಯ ಫ್ಯಾನ್‌ಗಳೆಲ್ಲ ಪೂರ್ಣ ವೇಗದಲ್ಲಿರುವಾಗ ಮಾಡಬೇಕು. ಯಂತ್ರವನ್ನಷ್ಟೇ ನೋಡುವ ಅಭ್ಯಾಸವಿದ್ದವರು ಮನೆಯನ್ನೂ ಯಂತ್ರದ ಭಾಗವೆಂದು ನೋಡಲು ಕಲಿಯಬೇಕಾಗುತ್ತದೆ. ಈ ದೃಷ್ಟಿ ಪುಸ್ತಕದಿಂದ ಬರುವುದು ಕಷ್ಟ.

ಅದಕ್ಕಾಗಿಯೇ ಒಳ್ಳೆಯ ವ್ಯವಸ್ಥೆಗಳು ಮೇಲ್ವಿಚಾರಣೆಯಲ್ಲಿ ಮಾಡಿದ ಕೆಲಸದ ದಾಖಲೆ ಕೇಳುತ್ತವೆ. ನೋಂದಾಯಿತ ತಂತ್ರಜ್ಞರೊಬ್ಬರ ಜೊತೆ ನಿಜವಾದ ಮನೆಗಳಿಗೆ ಹೋಗಿ, ಮಾಡಿದ ಕೆಲಸವನ್ನು ಬರೆದು, ಅವರ ಸಹಿ ಪಡೆದು ಕಡತ ಬೆಳೆಸಬೇಕು. ಕೆಲವು ವಾರಗಳಲ್ಲಿ ಎಲ್ಲ ಪರವಾನಗಿ ಖಚಿತ ಎಂದು ಸಾರುವ ತರಬೇತಿ ಕೇಂದ್ರಗಳು ಎಲ್ಲ ದೇಶಗಳಲ್ಲೂ ಇವೆ. ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಪರೀಕ್ಷೆಗೆ ಮಾನ್ಯತೆ ಕೊಟ್ಟವರು ಯಾರು? ಮೇಲ್ವಿಚಾರಣೆಯ ಕೆಲಸ ಎಲ್ಲಿ, ಯಾರ ಜೊತೆ? ಮುಗಿದ ಮೇಲೆ ಪ್ರಾಧಿಕಾರದ ಪಟ್ಟಿಯಲ್ಲಿ ಹೆಸರು ಸೇರಲು ಇನ್ನೇನು ಬೇಕು? ಎರಡನೆಯ ಪ್ರಶ್ನೆಗೆ ನೇರ ಉತ್ತರ ಬಾರದಿದ್ದರೆ ಎದ್ದು ಬನ್ನಿ.

ಯಾವ ಅನಿಲ ಎಂಬುದನ್ನೂ ಮೊದಲೇ ನಿರ್ಧರಿಸಿಕೊಳ್ಳಿ. ಮುಖ್ಯವಾಗಿ ಮೀಥೇನ್ ಇರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಎಲ್‌ಪಿಜಿಯ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಅವು ನೆಲದಲ್ಲಿ, ಚರಂಡಿಯಲ್ಲಿ, ನೆಲಮಾಳಿಗೆಯಲ್ಲಿ ತುಂಬಿ ನಿಲ್ಲುತ್ತವೆ. ಮೀಥೇನ್ ಹೊತ್ತಿಕೊಳ್ಳಲು ಗಾಳಿಯಲ್ಲಿ ಶೇಕಡಾ 5ರಷ್ಟಾದರೂ ಇರಬೇಕು, ಪ್ರೊಪೇನ್‌ಗೆ ಶೇಕಡಾ 2ರ ಆಸುಪಾಸು ಸಾಕು. ಅಷ್ಟೇ ಘನ ಅಳತೆಯ ಪ್ರೊಪೇನ್‌ನಲ್ಲಿ ನೈಸರ್ಗಿಕ ಅನಿಲದ ಎರಡೂವರೆ ಪಟ್ಟಿನ ಹತ್ತಿರ ಶಾಖವಿದೆ. ಅದಕ್ಕೇ ಬರ್ನರಿಗೆ ಅನಿಲ ಚಿಮ್ಮಿಸುವ ಅದರ ಜೆಟ್‌ನ ರಂಧ್ರ ಸಣ್ಣದು, ಒತ್ತಡ ಬೇರೆ. ನೈಸರ್ಗಿಕ ಅನಿಲದ ಜೆಟ್ ಇರುವ ಒಲೆಯನ್ನು ಹಾಗೆಯೇ ಎಲ್‌ಪಿಜಿಗೆ ಜೋಡಿಸಿದರೆ ಜ್ವಾಲೆ ಉದ್ದವಾಗಿ, ಹಳದಿಯಾಗಿ, ಮಸಿ ಕಾರುತ್ತಾ ವಿಷ ಉಗುಳುತ್ತದೆ. ಜೆಟ್ಟನ್ನು ಸೂಜಿಯಿಂದ ಕೊರೆದು ಅಗಲಿಸುವ, ಒಳಗೆ ತಂತಿ ಸೇರಿಸಿ ಕಿರಿದಾಗಿಸುವ ಕೈಚಳಕವನ್ನು ಯಾರು ತೋರಿಸಿಕೊಟ್ಟರೂ ಕಲಿಯಬೇಡಿ. ಪರಿವರ್ತನೆಗೆ ತಯಾರಕರ ಕಿಟ್ ಇದೆ, ಅದಿಲ್ಲದ ಮಾದರಿಯನ್ನು ಪರಿವರ್ತಿಸುವಂತಿಲ್ಲ.

ಸಾಧನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒತ್ತಡಕ್ಕೆ ಮಾನೋಮೀಟರ್, ಹೊಗೆಗೆ ದಹನ ವಿಶ್ಲೇಷಕ, ಸೋರಿಕೆಗೆ ಡಿಟೆಕ್ಟರ್ ಮತ್ತು ಸೋರಿಕೆ ಪತ್ತೆಯ ದ್ರಾವಣ, ನಿಮ್ಮ ಸ್ವಂತ ರಕ್ಷಣೆಗೆ ಅಂಗಿಗೆ ಸಿಕ್ಕಿಸಿಕೊಳ್ಳುವ ಕಾರ್ಬನ್ ಮಾನಾಕ್ಸೈಡ್ ಅಲಾರಂ. ವಿಶ್ಲೇಷಕವನ್ನು ತಯಾರಕರು ಹೇಳಿದ ಅವಧಿಗೆ ಸರಿಯಾಗಿ ಮಾಪನಶುದ್ಧಿ ಮಾಡಿಸಿ. ತಪ್ಪು ತೋರಿಸುವ ಮೀಟರ್ ಇಲ್ಲದ ಮೀಟರಿಗಿಂತ ಕೆಟ್ಟದ್ದು, ಏಕೆಂದರೆ ನೀವು ಅದನ್ನು ನಂಬುತ್ತೀರಿ.

ಪರೀಕ್ಷೆಯಲ್ಲಿ ಹೆಚ್ಚು ಅಂಕವಿಲ್ಲದಿದ್ದರೂ ಕಸುಬಿನಲ್ಲಿ ನಿತ್ಯ ಬೇಕಾಗುವ ಇನ್ನೊಂದು ಅರ್ಹತೆಯಿದೆ. ಅದು ಬೇಡ ಎನ್ನುವ ಸ್ಥೈರ್ಯ. ನೀವು ಒಲೆಯ ಗುಂಡಿ ಸರಿಪಡಿಸಲು ಹೋಗಿರುತ್ತೀರಿ, ಪಕ್ಕದ ಗೀಸರಿನ ಹೊಗೆ ಕೊಳವೆ ಕಳಚಿ ಬಿದ್ದಿರುತ್ತದೆ. ಬ್ರಿಟನ್ನಿನಲ್ಲಿ ಇಂಥ ಸ್ಥಿತಿಗಳನ್ನು 'ತಕ್ಷಣದ ಅಪಾಯ', 'ಅಪಾಯದ ಸಾಧ್ಯತೆ' ಎಂದು ವಿಂಗಡಿಸಿ, ಮನೆಯವರ ಒಪ್ಪಿಗೆ ಪಡೆದು ಅನಿಲ ಬಂದ್ ಮಾಡಿ, ಬಳಸಬಾರದೆಂಬ ಚೀಟಿ ಕಟ್ಟಿ, ಬರಹದಲ್ಲಿ ತಿಳಿಸುವ ಕ್ರಮವಿದೆ. ತಕ್ಷಣದ ಅಪಾಯವಿದ್ದೂ ಮನೆಯವರು ಒಪ್ಪದಿದ್ದರೆ ಅನಿಲದ ತುರ್ತು ಸೇವೆಗೆ ತಿಳಿಸುತ್ತಾರೆ. ಮನೆಯವರು ಬೈಯಬಹುದು, ಇನ್ನೆಂದೂ ಕರೆಯದಿರಬಹುದು. ಆದರೂ ಸುಮ್ಮನೆ ಬರಬೇಡಿ. ನೀವು ಪರವಾನಗಿ ಪಡೆಯುವ ಮೊದಲೇ, ಈಗಲೇ, ವಾಷಿಂಗ್ ಮಷಿನ್ ರಿಪೇರಿಗೆ ಹೋದ ಮನೆಯಲ್ಲಿ ಗೀಸರಿನ ಮೇಲೆ ಮಸಿ ಕಂಡರೆ ಹೇಳುವ ಕರ್ತವ್ಯ ನಿಮ್ಮದೂ ಹೌದು. ಹೇಳುವುದಕ್ಕೆ ಪರವಾನಗಿ ಬೇಡ.

ಇನ್ನು ಈಗ ಕಾಯುತ್ತಿರುವ ಗ್ರಾಹಕರ ವಿಷಯ. ಅವರನ್ನು ಕಳೆದುಕೊಳ್ಳಬೇಕಾಗಿಲ್ಲ. ಹತ್ತಿರದ ನೋಂದಾಯಿತ ಗ್ಯಾಸ್ ತಂತ್ರಜ್ಞರೊಬ್ಬರನ್ನು ಹುಡುಕಿ, ಅವರ ಚೀಟಿಯ ಪಟ್ಟಿಯಲ್ಲಿ ಈ ಮೂರು ಉಪಕರಣಗಳು ಇವೆಯೇ ಎಂದು ನೋಡಿ, ಗ್ಯಾಸ್ ಕೆಲಸವನ್ನು ಅವರಿಗೆ ಒಪ್ಪಿಸಿ. ಹೊಸ ಬಾಯ್ಲರ್, ಗೀಸರ್‌ಗಳಲ್ಲಿ ಇಲೆಕ್ಟ್ರಾನಿಕ್ ಬೋರ್ಡುಗಳು ಹೆಚ್ಚುತ್ತಿವೆ, ಪೈಪಿನ ಕೆಲಸದಿಂದ ಬಂದ ಹಳೆಯ ತಂತ್ರಜ್ಞರಿಗೆ ಅಲ್ಲಿ ನಿಮ್ಮಂಥವರ ನೆರವು ಬೇಕು. ಅವರ ಮೇಲ್ವಿಚಾರಣೆಯಲ್ಲಿ ನೀವು ಕಲಿಯುವುದಕ್ಕೆ ಅದೇ ಒಪ್ಪಂದವಾಗಲಿ, ಕಾನೂನು ಅದಕ್ಕೆ ಅನುಮತಿಸುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ನಿಮ್ಮ ವಿಮೆಯ ಕಾಗದವನ್ನೂ ಕೂಡಲೇ ತೆಗೆದು ಓದಿ. ಗ್ಯಾಸ್ ಕೆಲಸ ಅದರ ವ್ಯಾಪ್ತಿಯಿಂದ ಹೊರಗಿದ್ದರೆ ಒಂದು ಅವಘಡ ನಿಮ್ಮ ಇಷ್ಟು ವರ್ಷದ ದುಡಿಮೆಯನ್ನು ಅಳಿಸಿಹಾಕಬಹುದು.

ನಿಮ್ಮ ಪ್ರದೇಶದಲ್ಲಿ ಯಾವ ಪರವಾನಗಿ ಎಂಬುದಕ್ಕೆ ಉತ್ತರ ಕೊಡಬೇಕಾದವರು ಅಲ್ಲಿನ ಪ್ರಾಧಿಕಾರದವರು. 'ಗ್ಯಾಸ್ ಕೆಲಸಕ್ಕೆ ಏನು ಬೇಕು' ಎಂದು ಕೇಳಿದರೆ ನಿಮಗೆ ಸಿಗುವುದೂ ಅಷ್ಟೇ ಅಸ್ಪಷ್ಟ ಉತ್ತರ. ಒಂದು ಹಾಳೆಯಲ್ಲಿ ಮೂರು ಉಪಕರಣಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ಅನಿಲ ಯಾವುದು, ಉಷ್ಣ ಸಾಮರ್ಥ್ಯ ಎಷ್ಟು, ಹೊಗೆ ಕೊಳವೆ ಇದೆಯೇ ಇಲ್ಲವೇ, ನೀವು ಮಾಡಬಯಸುವ ಕೆಲಸ ಅಳವಡಿಕೆಯೋ ಸರ್ವಿಸೋ ರಿಪೇರಿಯೋ ಎಂದು ನಮೂದಿಸಿ. ಗ್ಯಾಸ್ ಉಪಕರಣದ ವಿದ್ಯುತ್ ಭಾಗಗಳ ರಿಪೇರಿಗೆ ನಿಯಮ ಏನು ಹೇಳುತ್ತದೆ ಎಂಬುದನ್ನು ನಾಲ್ಕನೆಯ ಪ್ರಶ್ನೆಯಾಗಿ ಸೇರಿಸಿ. ಉತ್ತರವನ್ನು ಬರಹದಲ್ಲಿಯೇ ಕೇಳಿ ಪಡೆದುಕೊಳ್ಳಿ.